ಹತ್ತು ಪರೀಕ್ಷೆ, ನಾಲ್ಕು ರಾತ್ರಿ: ಜರ್ಮನಿಯಲ್ಲಿ ಓದುವ ಒಬ್ಬ ವಿದ್ಯಾರ್ಥಿನಿಯ ದಣಿವಿನ ಪ್ರಕರಣ

ಇದು ಅರಸೀಕೆರೆ ಕಡೆಯ ಒಬ್ಬ ಹುಡುಗಿಯ ಪ್ರಕರಣ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ, 2023ರ ಚಳಿಗಾಲದ ಸೆಮಿಸ್ಟರ್‌ಗೆ ಮಾಸ್ಟರ್ಸ್ ಓದಲು ಪೂರ್ವ ಜರ್ಮನಿಯ ಒಂದು ಊರಿಗೆ ಬಂದವಳು. ಗುರುತು ಸಿಗಬಾರದು ಅಂತ ಹೆಸರು ಬರೆಯುತ್ತಿಲ್ಲ. ಅವಳಂತೆಯೇ ಸಿಕ್ಕಿಕೊಂಡಿದ್ದ ಇನ್ನೂ ಕೆಲವರ ವಿವರಗಳನ್ನೂ ಇದರಲ್ಲೇ ಸೇರಿಸಿದ್ದೇನೆ. ಹಾಗಾಗಿ ಇದು ಒಬ್ಬಳದ್ದೇ ಕಥೆ ಅಂತ ಓದಬೇಡಿ.

2024ರ ಜೂನ್ ಹೊತ್ತಿಗೆ ಅವಳ ಸ್ಥಿತಿ ಹೀಗಿತ್ತು. ತರಗತಿಗೆ ಹೋಗಿ ಕೂರುತ್ತಿದ್ದಳು, ಏನೂ ತಲೆಗೆ ಹೋಗುತ್ತಿರಲಿಲ್ಲ. ಲೈಬ್ರರಿಯಲ್ಲಿ ಲ್ಯಾಪ್‌ಟಾಪ್ ತೆರೆದರೆ ಗಂಟೆ ಕಳೆದರೂ ಅದೇ ಸ್ಲೈಡ್. ವಿಶ್ವವಿದ್ಯಾಲಯದಿಂದ ಬರುವ ಮೇಲ್ ತೆರೆಯುವುದನ್ನೇ ಬಿಟ್ಟಿದ್ದಳು. ಅಡುಗೆ ಅಂದರೆ ಅನ್ನ, ಮೊಸರು, ಊರಿಂದ ತಂದ ಉಪ್ಪಿನಕಾಯಿ. ಭಾನುವಾರ ಪೂರ್ತಿ ಮಲಗಿದರೂ ಸೋಮವಾರ ಎದ್ದಾಗ ಮೈ ಅಷ್ಟೇ ಭಾರ. ಮನೆಗೆ ಫೋನ್ ಮಾಡಿದಾಗ ಮಾತ್ರ ದನಿ ಬದಲಾಗುತ್ತಿತ್ತು.

"ಊಟ ಆಯ್ತಾ ಪುಟ್ಟಿ?"

"ಆಯ್ತಮ್ಮ. ಎಲ್ಲಾ ಚೆನ್ನಾಗಿದೆ. ಸ್ವಲ್ಪ ಓದೋದಿದೆ, ಇಡ್ತೀನಿ."

ನನ್ನ ಬಳಿ ಬಂದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಅಕ್ಕಾ, ನಾನು ಸೋಮಾರಿ ಆಗಿಬಿಟ್ಟಿದ್ದೀನಾ?" ಎಂಟು ಸೆಮಿಸ್ಟರ್‌ನಲ್ಲಿ ಒಂದೂ ಬ್ಯಾಕ್ ಉಳಿಸಿಕೊಳ್ಳದೆ ಪಾಸಾದ ಹುಡುಗಿ ಅವಳು. ಸೋಮಾರಿತನ ಇಪ್ಪತ್ಮೂರನೇ ವಯಸ್ಸಿಗೆ ವಿಮಾನ ಹತ್ತಿದ ಮೇಲೆ ಹಠಾತ್ತಾಗಿ ಬರುವಂಥದ್ದಲ್ಲ. ಹಾಗಾದರೆ ಏನಾಗಿತ್ತು?

ಹೊರೆ ಬೆಳೆದ ಬಗೆ

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ. ಇದು ನಿಜ. ಆದರೆ ವೀಸಾ ಸಿಗಬೇಕಾದರೆ ಒಂದು ವರ್ಷದ ಜೀವನ ಖರ್ಚನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ ಮೊದಲೇ ಇಟ್ಟು ತೋರಿಸಬೇಕು. 2023ರಲ್ಲಿ ಆ ಮೊತ್ತ 11,208 ಯೂರೋ, ಅಂದರೆ ಹತ್ತು ಲಕ್ಷ ರೂಪಾಯಿ ಹತ್ತಿರ. ಅದರಿಂದ ತಿಂಗಳಿಗೆ 934 ಯೂರೋ ಕೈಗೆ ಬರುತ್ತಿತ್ತು. ಒಂದು ವರ್ಷ ಆದ ಮೇಲೆ ಖಾತೆ ಖಾಲಿ. ಎರಡನೇ ವರ್ಷದ ದಾರಿ ಅವರವರೇ ನೋಡಿಕೊಳ್ಳಬೇಕು. "ಅಲ್ಲಿ ಓದು ಫ್ರೀ" ಅಂತ ಹೇಳಿ ಕಳಿಸುವವರು ಈ ಎರಡನೇ ವರ್ಷದ ಮಾತನ್ನು ಎತ್ತುವುದೇ ಇಲ್ಲ. ಇದು ನನಗೆ ಬಹಳ ಸಿಟ್ಟು ತರಿಸುವ ವಿಷಯ.

ಅವಳ ಅಪ್ಪ ಮನೆ ಅಡ ಇಟ್ಟು ಶಿಕ್ಷಣ ಸಾಲ ತೆಗೆದಿದ್ದರು. ಎರಡನೇ ವರ್ಷಕ್ಕೆ ಮತ್ತೆ ಅಪ್ಪನ ಮುಂದೆ ಕೈ ಚಾಚಬಾರದು ಅಂತ ಅವಳು ಬರುವಾಗಲೇ ನಿರ್ಧರಿಸಿದ್ದಳು. ಆ ನಿರ್ಧಾರವನ್ನು ಯಾರಿಗೂ ಹೇಳಿರಲಿಲ್ಲ.

ವೀಸಾ ತಡವಾಯಿತು. ಭಾರತದ ವಿದ್ಯಾರ್ಥಿಗಳಿಗೆ 2022ರ ನವೆಂಬರ್‌ನಿಂದ ಎಪಿಎಸ್ ಪ್ರಮಾಣಪತ್ರ, ಅಂದರೆ ಪದವಿ ಮತ್ತು ಅಂಕಪಟ್ಟಿ ಅಸಲಿ ಅಂತ ಪರಿಶೀಲಿಸಿ ಕೊಡುವ ಪತ್ರ, ಕಡ್ಡಾಯವಾಗಿದೆ. ಕಾಗದಪತ್ರದ ಸರಣಿ ಅದರಿಂದ ಇನ್ನೂ ಉದ್ದವಾಯಿತು. ಅಕ್ಟೋಬರ್‌ನಲ್ಲಿ ತರಗತಿ ಶುರು, ಅವಳು ಬಂದಿಳಿದದ್ದು ನವೆಂಬರ್ ನಡುವೆ. ಬಂದ ಕೂಡಲೇ ರೂಮು ಹುಡುಕು, ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸು, ಬ್ಯಾಂಕ್ ಖಾತೆ, ವಿಮೆ. ಇದೆಲ್ಲ ಮುಗಿಯುವಾಗ ಕ್ರಿಸ್ಮಸ್ ರಜೆ ಬಂತು. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಹಗಲು ಸುಮಾರು ಎಂಟು ಗಂಟೆ ಅಷ್ಟೇ. ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಆರಕ್ಕೆ ತರಗತಿ ಮುಗಿಸಿ ಮನೆಗೆ ಫೋನ್ ಮಾಡೋಣ ಅಂದರೆ ಅರಸೀಕೆರೆಯಲ್ಲಿ ರಾತ್ರಿ ಹತ್ತೂವರೆ. ಅಮ್ಮ ಮಲಗಿರುತ್ತಾರೆ.

ಓದುವ ಕ್ರಮವೂ ಬೇರೆ. ಇಲ್ಲಿನ ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಇಂಟರ್ನಲ್ಸ್ ಇರುತ್ತವೆ, ಅಸೈನ್‌ಮೆಂಟ್ ಇರುತ್ತದೆ. ನಾನು ಎಲ್ಲಿದ್ದೇನೆ ಅಂತ ನಡುವೆಯೇ ಗೊತ್ತಾಗುತ್ತದೆ. ಅಲ್ಲಿ ಬಹಳಷ್ಟು ವಿಷಯಗಳಲ್ಲಿ ಸೆಮಿಸ್ಟರ್ ಕೊನೆಯ ಒಂದೇ ಪರೀಕ್ಷೆ, ಪೂರ್ತಿ ಅಂಕ ಅದಕ್ಕೇ. ಹಾಜರಾತಿಯನ್ನೂ ಹೆಚ್ಚಿನ ಕಡೆ ಯಾರೂ ಕೇಳುವುದಿಲ್ಲ. ನೀನು ಹಿಂದೆ ಬಿದ್ದಿದ್ದೀಯಾ ಅಂತ ಹೇಳುವವರಿಲ್ಲ. ಫೆಬ್ರವರಿಯಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದಾಗಲೇ ಗೊತ್ತಾಗುವುದು.

ಆ ಫೆಬ್ರವರಿಗೆ ಅವಳು ಆರು ವಿಷಯಕ್ಕೆ ಹೆಸರು ಕೊಟ್ಟಿದ್ದಳು. ಓದಿದ್ದು ಸಾಲಲಿಲ್ಲ ಅನಿಸಿತು. ಅಲ್ಲಿ ಹಲವು ವಿಶ್ವವಿದ್ಯಾಲಯಗಳಲ್ಲಿ ಒಂದು ಗಡುವಿನ ಒಳಗೆ ಕಾರಣ ಕೊಡದೆ ಪರೀಕ್ಷೆಯಿಂದ ಹಿಂದೆ ಸರಿಯಬಹುದು. ಪೋರ್ಟಲ್‌ನಲ್ಲಿ ಒಂದು ಬಟನ್ ಒತ್ತಿದರೆ ಮುಗಿಯಿತು. ಮೂರು ವಿಷಯದಿಂದ ಹೆಸರು ತೆಗೆದಳು. ಮೂರು ಬರೆದಳು. ಎರಡು ಪಾಸಾಯಿತು, ಕಂಟಿನ್ಯುಯಮ್ ಮೆಕ್ಯಾನಿಕ್ಸ್ ಹೋಯಿತು.

ಬಟನ್ ಒತ್ತಿದ ದಿನ ಅವಳಿಗೆ ಎಷ್ಟು ಹಗುರ ಅನಿಸಿತ್ತು ಅಂದರೆ, ಆ ರಾತ್ರಿ ತಿಂಗಳಲ್ಲೇ ಮೊದಲ ಸಲ ಚೆನ್ನಾಗಿ ನಿದ್ದೆ ಬಂತಂತೆ. ಆದರೆ ತೆಗೆದ ಪರೀಕ್ಷೆ ಎಲ್ಲಿಗೂ ಹೋಗುವುದಿಲ್ಲ ಅಲ್ವಾ? ಬೇಸಿಗೆ ಸೆಮಿಸ್ಟರ್‌ನ ಹೊಸ ಆರು, ಉಳಿಸಿದ ಮೂರು, ಫೇಲಾದ ಒಂದು. ಒಟ್ಟು ಹತ್ತು.

ಮಾರ್ಚ್‌ನಲ್ಲಿ ಕೆಲಸವೂ ಸಿಕ್ಕಿತು. ಪಾರ್ಸೆಲ್ ವಿಂಗಡಿಸುವ ಗೋದಾಮಿನಲ್ಲಿ ವಾರಕ್ಕೆ ನಾಲ್ಕು ದಿನ, ಬೆಳಗಿನ ಜಾವ 3ರಿಂದ 7. ಆ ವರ್ಷದ ಕನಿಷ್ಠ ವೇತನ ಗಂಟೆಗೆ 12.41 ಯೂರೋ. ಪಿಂಚಣಿ ವಂತಿಗೆ ಕಳೆದು ತಿಂಗಳಿಗೆ 780 ಯೂರೋ ಆಸುಪಾಸು ಕೈಗೆ ಬರುತ್ತಿತ್ತು. ಎರಡನೇ ವರ್ಷದ ಖರ್ಚು ಇದರಲ್ಲೇ ಕೂಡಿಸುತ್ತೇನೆ ಅಂತ ಅವಳ ಲೆಕ್ಕ. ರಾತ್ರಿ ಹತ್ತಕ್ಕೆ ಮಲಗಿ ಎರಡಕ್ಕೆ ಏಳುತ್ತಿದ್ದಳು. ಪಾಳಿ ಮುಗಿಸಿ ಸ್ನಾನ ಮಾಡಿ ನೇರ ತರಗತಿಗೆ. ಮಧ್ಯಾಹ್ನ ಎರಡು ಗಂಟೆ ನಿದ್ದೆ. ಎತ್ತು ಏರಿಗೆ, ಕೋಣ ನೀರಿಗೆ ಅಂತಾರಲ್ಲ, ಕೆಲಸ ಮತ್ತು ಓದು ಅವಳನ್ನು ಹಾಗೆ ಎಳೆಯುತ್ತಿದ್ದವು.

ಕಾಗದದ ಮೇಲೆ ಬರೆದಾಗ

ನಾವು ಮೊದಲು ಮಾಡಿದ್ದು ಕೂಡುವ ಕೆಲಸ. ಸಮಾಧಾನದ ಮಾತು ಆಮೇಲೆ ಅಂತ ಹೇಳಿದೆ.

ಯುರೋಪಿನ ಕ್ರೆಡಿಟ್ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆ ಕೆಲಸ. ತರಗತಿ, ಮನೆಯ ಓದು, ಪರೀಕ್ಷೆ ತಯಾರಿ ಎಲ್ಲ ಸೇರಿ. ಜರ್ಮನಿಯಲ್ಲಿ ಸಾಮಾನ್ಯವಾಗಿ 30 ಹಿಡಿಯುತ್ತಾರೆ. ಸೆಮಿಸ್ಟರ್‌ಗೆ 30 ಕ್ರೆಡಿಟ್, ಅಂದರೆ 900 ಗಂಟೆ. ರಜೆ ಕಳೆದು 22 ವಾರ ಅಂತ ಇಟ್ಟುಕೊಂಡರೆ ವಾರಕ್ಕೆ 41 ಗಂಟೆ. ಆರೇ ವಿಷಯ ಇದ್ದಾಗ ಇದು. ಹತ್ತು ವಿಷಯ ಅಂದರೆ 50 ಕ್ರೆಡಿಟ್, ವಾರಕ್ಕೆ 68 ಗಂಟೆ. ನಾಲ್ಕು ವಿಷಯದ ತರಗತಿ ಆಗಲೇ ಮುಗಿದಿದೆ ಅಂತ ಕಡಿಮೆ ಹಿಡಿದರೂ 50 ದಾಟುತ್ತದೆ. ಅದರ ಮೇಲೆ ಗೋದಾಮಿನ 16 ಗಂಟೆ, ಓಡಾಟ, ಅಡುಗೆ, ವಾರಕ್ಕೆರಡು ಸಂಜೆ ಜರ್ಮನ್ ಭಾಷೆಯ ಕ್ಲಾಸು. ದಿನಕ್ಕೆ ನಾಲ್ಕು ಗಂಟೆಯ ರಾತ್ರಿ ನಿದ್ದೆ.

ಅವಳು ಆ ಹಾಳೆಯನ್ನು ಬಹಳ ಹೊತ್ತು ನೋಡಿದಳು. "ಇದು ಯಾರಿಗೂ ಆಗಲ್ಲ ಅಲ್ವಾ ಅಕ್ಕಾ" ಅಂದಳು. ಯಾರಿಗೂ ಆಗುವುದಿಲ್ಲ.

ಈ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸುವುದು ಇದೇ. ಅವಳು ತನ್ನ ಮನಸ್ಸು ದುರ್ಬಲವಾಗಿದೆ ಅಂದುಕೊಂಡಿದ್ದಳು. ಅದನ್ನು ಸರಿ ಮಾಡಲು ಏನೆಲ್ಲ ಮಾಡಿದ್ದಳು! ಮೊಬೈಲ್‌ನಿಂದ ಆ್ಯಪ್‌ಗಳನ್ನು ತೆಗೆದಿದ್ದಳು, ಬೆಳಿಗ್ಗೆ ಪ್ರಾಣಾಯಾಮ ಶುರು ಮಾಡಿದ್ದಳು, ಗೋಡೆಗೆ ವೇಳಾಪಟ್ಟಿ ಅಂಟಿಸಿದ್ದಳು. ಒಂದು ವಾರ ಎಲ್ಲ ಬಿಟ್ಟು ಗೆಳತಿಯ ಮನೆಯಲ್ಲಿ ವಿಶ್ರಾಂತಿಯನ್ನೂ ತೆಗೆದುಕೊಂಡಿದ್ದಳು. ವಾಪಸ್ ಬಂದಾಗ ಅದೇ ಹತ್ತು ಪರೀಕ್ಷೆ, ಒಂದು ವಾರ ಕಡಿಮೆ. ಹೊರೆ ಅಷ್ಟೇ ಇರುವಾಗ ವಿಶ್ರಾಂತಿಯೂ ಇನ್ನೊಂದು ಬಾಕಿಯಾಗುತ್ತದೆ. ಪ್ರಾಣಾಯಾಮ ಒಳ್ಳೆಯದೇ. ಆದರೆ ರಾತ್ರಿ ಎರಡಕ್ಕೆ ಅಲಾರಂ ಇಟ್ಟುಕೊಂಡ ಮೈಗೆ ಅದು ನಿದ್ದೆ ಕೊಡುವುದಿಲ್ಲ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗಲು ನಿದ್ದೆ ಬೇಕು. ತುಂಡು ತುಂಡು ನಿದ್ದೆ ಮಾಡುತ್ತಾ ಹತ್ತು ಗಂಟೆ ಓದಿದರೂ ತಲೆಯಲ್ಲಿ ನಿಲ್ಲುವುದು ಸ್ವಲ್ಪವೇ.

ದಣಿವಿನ ಈ ಸ್ಥಿತಿಗೆ ಬರ್ನ್‌ಔಟ್ ಅನ್ನುತ್ತಾರೆ. ಅದನ್ನು ಅಳೆಯುವ ಪ್ರಶ್ನಾವಳಿಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟೀನಾ ಮ್ಯಾಸ್ಲಾಕ್ ಮತ್ತು ಸುಸಾನ್ ಜ್ಯಾಕ್ಸನ್ 1981ರಲ್ಲಿ ಪ್ರಕಟಿಸಿದರು. 2002ರಲ್ಲಿ ಅದರ ವಿದ್ಯಾರ್ಥಿಗಳ ರೂಪವೂ ಬಂತು. ಅದು ನೋಡುವುದು ಮೂರು ಸಂಗತಿ. ಓದಿನಿಂದ ಪೂರ್ತಿ ಬಸವಳಿಯುವುದು, ಓದಿನಿಂದ ಮನಸ್ಸು ದೂರ ಸರಿದು "ಇದರಿಂದ ಏನಾಗಬೇಕು" ಅನಿಸುವುದು, ನನ್ನ ಕೈಲಿ ಏನೂ ಆಗದು ಅಂತ ನಂಬಿಕೆ ಕಳೆದುಕೊಳ್ಳುವುದು. ಮೂರೂ ಅವಳಲ್ಲಿ ಕಾಣುತ್ತಿದ್ದವು. ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳನ್ನು ವರ್ಗೀಕರಿಸುವ ಐಸಿಡಿ-11 ಪಟ್ಟಿ ಬರ್ನ್‌ಔಟ್ ಅನ್ನು ಕಾಯಿಲೆ ಅಂತ ಹೇಳುವುದಿಲ್ಲ. ಸರಿಯಾಗಿ ನಿಭಾಯಿಸದೆ ಉಳಿದ ಕೆಲಸದ ಒತ್ತಡದಿಂದ ಬರುವ ಸ್ಥಿತಿ ಅಂತ ಹೇಳುತ್ತದೆ. ಆ ವಿವರಣೆ ಉದ್ಯೋಗಕ್ಕೆ ಸೀಮಿತವಾದರೂ, ಒತ್ತಡ ಎಲ್ಲಿಂದ ಬರುತ್ತಿದೆ ಅಂತ ಮೊದಲು ನೋಡು ಅನ್ನುವ ದಾರಿ ವಿದ್ಯಾರ್ಥಿಗೂ ಹೊಂದುತ್ತದೆ.

ಆದರೂ ಎಲ್ಲ ದಣಿವೂ ಬರೀ ದಣಿವಲ್ಲ. ಎರಡು ವಾರಕ್ಕಿಂತ ಜಾಸ್ತಿ ದಿನ ಯಾವುದರಲ್ಲೂ ಖುಷಿ ಇಲ್ಲ, ಇಷ್ಟದ ಹಾಡೂ ಬೇಡ, ಬದುಕೇ ಬೇಡ ಅನ್ನುವ ಯೋಚನೆ ಬಂದರೆ ಅದು ಡಾಕ್ಟರ್ ನೋಡಬೇಕಾದ ವಿಷಯ. ಈ ಪ್ರಶ್ನೆಯನ್ನು ಸುತ್ತಿ ಬಳಸದೆ ನೇರವಾಗಿ ಕೇಳಬೇಕು. ನಾನೂ ಕೇಳಿದೆ. ಅಂಥ ಯೋಚನೆ ಬಂದಿಲ್ಲ ಅಂದಳು. ಬಂದಿದ್ದರೆ ಉಳಿದದ್ದೆಲ್ಲ ಬದಿಗಿಟ್ಟು ಆ ದಿನವೇ ಡಾಕ್ಟರ್ ಹತ್ತಿರ ಹೋಗುತ್ತಿದ್ದೆವು. ಜರ್ಮನಿಯಲ್ಲಿ ತುರ್ತಿಗೆ 112 ಇದೆ. ಹಗಲು ರಾತ್ರಿ ಮಾತಾಡಲು ಟೆಲಿಫೋನ್‌ಸೇಲ್‌ಜೋರ್ಗೆ ಅನ್ನುವ ಉಚಿತ ಸಹಾಯವಾಣಿ ಇದೆ, ಸಂಖ್ಯೆ 0800 111 0 111. ಊರಲ್ಲಿರುವವರಿಗೆ ಟೆಲಿ ಮಾನಸ್, 14416. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಡಾಕ್ಟರ್ ಹತ್ತಿರ ಹೇಗೂ ಕಳಿಸಿದೆ. ಥೈರಾಯ್ಡ್ ಸರಿಯಿತ್ತು, ಬಿ12 ಬಹಳ ಕಡಿಮೆ ಇತ್ತು. ಸಸ್ಯಾಹಾರಿ ಹುಡುಗಿ, ತಿಂಗಳುಗಟ್ಟಲೆ ಸರಿಯಾಗಿ ಊಟವಿಲ್ಲ. ಇದನ್ನು ನಮ್ಮ ಮಕ್ಕಳು ಯಾರೂ ಗಮನಿಸುವುದಿಲ್ಲ. ಕಡ್ಡಾಯ ಆರೋಗ್ಯ ವಿಮೆಗೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತಾರೆ, ಜ್ವರ ಬಂದರೂ ಡಾಕ್ಟರ್ ಹತ್ತಿರ ಹೋಗುವುದಿಲ್ಲ.

ಏನು ಬದಲಾಯಿಸಿದೆವು

ಮೊದಲು ಹತ್ತು ಪರೀಕ್ಷೆಯನ್ನು ಮೂರಕ್ಕೆ ಇಳಿಸಿದೆವು. ಯಾವ ಮೂರು ಅನ್ನುವುದೇ ಕಷ್ಟದ ಪ್ರಶ್ನೆ. ಕೆಲವು ವಿಷಯದ ಪರೀಕ್ಷೆ ಪ್ರತಿ ಸೆಮಿಸ್ಟರ್ ಇರುತ್ತದೆ, ಕೆಲವು ವರ್ಷಕ್ಕೊಮ್ಮೆ ಮಾತ್ರ. ವರ್ಷಕ್ಕೊಮ್ಮೆಯದಕ್ಕೆ ಮೊದಲ ಜಾಗ. ಒಂದರ ಓದು ಇನ್ನೊಂದಕ್ಕೆ ಆಗುವಂತಿದ್ದರೆ ಅವೆರಡನ್ನೂ ಒಟ್ಟಿಗೆ. ಫೇಲಾದದ್ದನ್ನು ಬೇಕೆಂದೇ ಮುಂದಕ್ಕೆ ಹಾಕಿದೆವು. ಅಲ್ಲಿ ಹೆಚ್ಚಿನ ಕಡೆ ಒಂದು ಪರೀಕ್ಷೆಗೆ ಮೂರು ಅವಕಾಶ ಅಷ್ಟೇ. ಮೂರನೆಯದೂ ಹೋದರೆ ಆ ಪದವಿಯ ದಾರಿಯೇ ಮುಚ್ಚುತ್ತದೆ. ಓದಿಗೆ ಕೊಟ್ಟ ನಿವಾಸ ಪರವಾನಗಿಗೂ ಪೆಟ್ಟು ಬೀಳುತ್ತದೆ. ಸುಸ್ತಾದ ತಲೆಯಲ್ಲಿ ಎರಡನೇ ಅವಕಾಶವನ್ನು ಸುಮ್ನೆ ಕಳೆಯಬಾರದು. ಮರುಪರೀಕ್ಷೆಗೆ ಗಡುವು ಇರುವ ಕಡೆಯೂ ಉಂಟು. ಹಾಗಾಗಿ ಪರೀಕ್ಷಾ ನಿಯಮಾವಳಿಯನ್ನು ಅವಳೇ ಕೂತು ಓದಿದಳು, ಡಿಪಾರ್ಟ್‌ಮೆಂಟಿನ ಸ್ಟಡಿ ಅಡ್ವೈಸರ್ ಹತ್ತಿರ ಹೋಗಿ ಕೇಳಿದಳು.

ಆ ಭೇಟಿಗೆ ಹೋಗಲು ಅವಳು ಬಹಳ ಹೆದರಿದ್ದಳು. ನಮ್ಮಲ್ಲಿ ಎಚ್‌ಒಡಿ ರೂಮಿಗೆ ಕರೆದರು ಅಂದರೆ ಬೈಗುಳ ಅಂತಲೇ ಅರ್ಥ. ಅಲ್ಲಿ ಅರ್ಧ ಗಂಟೆ ಶಾಂತವಾಗಿ ಕೇಳಿಸಿಕೊಂಡು, ಸೆಮಿಸ್ಟರ್ ಜಾಸ್ತಿ ಆದರೆ ಏನೂ ತೊಂದರೆ ಇಲ್ಲ, ಜರ್ಮನ್ ವಿದ್ಯಾರ್ಥಿಗಳಲ್ಲೇ ಬಹಳಷ್ಟು ಜನ ನಿಗದಿತ ನಾಲ್ಕು ಸೆಮಿಸ್ಟರ್‌ನಲ್ಲಿ ಮುಗಿಸುವುದಿಲ್ಲ ಅಂದರು. ಅನಾರೋಗ್ಯಕ್ಕೆ ಡಾಕ್ಟರ್ ಪತ್ರದ ಮೇಲೆ ರಜಾ ಸೆಮಿಸ್ಟರ್ ತೆಗೆದುಕೊಳ್ಳುವ ದಾರಿಯನ್ನೂ ತೋರಿಸಿದರು. ಅವಳಿಗೆ ಅದು ಬೇಕಾಗಲಿಲ್ಲ. ಬೇಕಾದರೆ ಇದೆ ಅಂತ ಗೊತ್ತಾದದ್ದೇ ಧೈರ್ಯ ಕೊಟ್ಟಿತು.

ಗೋದಾಮಿನ ಕೆಲಸ ಬಿಡಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. "ದುಡ್ಡು?" ಅಂದಳು. ನ್ಯಾಯವಾದ ಪ್ರಶ್ನೆ. ಜುಲೈ ಮತ್ತು ಆಗಸ್ಟ್ ಪೂರ್ತಿ ಕೆಲಸ ಇಲ್ಲ, ಬ್ಲಾಕ್ಡ್ ಅಕೌಂಟ್‌ನ ದುಡ್ಡಲ್ಲೇ ಬದುಕು ಅಂತ ಲೆಕ್ಕ ಹಾಕಿದೆವು. ಅಕ್ಟೋಬರ್‌ನಿಂದ ವಿಶ್ವವಿದ್ಯಾಲಯದ ಲ್ಯಾಬಿನಲ್ಲೇ ವಾರಕ್ಕೆ ಹತ್ತು ಗಂಟೆಯ ಸಹಾಯಕಿ ಕೆಲಸ ಹುಡುಕಿದಳು. ಹಿವಿ ಅಂತ ಕರೆಯುತ್ತಾರೆ. ವಿದೇಶಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಮಾತ್ರ ದುಡಿಯಬಹುದು ಅನ್ನುವ ಮಿತಿ 2024ರ ಮಾರ್ಚ್‌ನಿಂದ ಇದೆ. ಹಿವಿ ಕೆಲಸ ಆ ಮಿತಿಗೆ ಸೇರುವುದಿಲ್ಲ. ಹಗಲಿನ ಕೆಲಸ, ಓದಿಗೆ ಹತ್ತಿರದ ಕೆಲಸ, ಪ್ರೊಫೆಸರ್ ಪರಿಚಯ. ಗೋದಾಮಿಗಿಂತ ದುಡ್ಡು ಕಡಿಮೆ, ಆದರೆ ರಾತ್ರಿ ಅವಳದ್ದಾಯಿತು. ರೂಮನ್ನೂ ಬಿಟ್ಟು ವಿದ್ಯಾರ್ಥಿ ಸೇವಾ ಸಂಸ್ಥೆಯ ಹಾಸ್ಟೆಲಿಗೆ ಹೋದಳು. ಬಾಡಿಗೆ ಕಡಿಮೆಯಾಯಿತು, ಅಡುಗೆಮನೆಯಲ್ಲಿ ಮಾತಿಗೆ ಜನ ಸಿಕ್ಕರು.

ಅದೇ ಸಂಸ್ಥೆ ಉಚಿತ ಮಾನಸಿಕ ಸಮಾಲೋಚನೆಯನ್ನೂ ಕೊಡುತ್ತದೆ. ಎಲ್ಲ ಗುಟ್ಟಾಗಿ ಇರುತ್ತದೆ, ವಿಶ್ವವಿದ್ಯಾಲಯದ ದಾಖಲೆಗೆ ಏನೂ ಹೋಗುವುದಿಲ್ಲ. ಇಂಗ್ಲಿಷಿನಲ್ಲೂ ಮಾತಾಡುವವರು ಹಲವು ಕಡೆ ಸಿಗುತ್ತಾರೆ. ಅವಳು ಕೆಲವು ಸಲ ಹೋದಳು. ಮೇಲ್ ತೆರೆಯುವ ಭಯಕ್ಕೆ ಅಲ್ಲಿ ಒಂದು ಸರಳ ಉಪಾಯ ಸಿಕ್ಕಿತು. ದಿನಕ್ಕೊಮ್ಮೆ ಮಧ್ಯಾಹ್ನ ಊಟದ ನಂತರ, ಗೆಳತಿ ಪಕ್ಕದಲ್ಲಿ ಕೂತಿರುವಾಗ ಮೇಲ್ ನೋಡುವುದು. ಮೊದಲ ದಿನ ನೂರಕ್ಕೂ ಹೆಚ್ಚು ಮೇಲ್ ಇದ್ದವು. ಅದರಲ್ಲಿ ನಿಜವಾಗಿ ಉತ್ತರ ಬರೆಯಬೇಕಾದವು ಬೆರಳೆಣಿಕೆಯಷ್ಟು.

ಆ ಗೆಳತಿ ವಿಜಯಪುರದವಳು. ಇಬ್ಬರೂ ಸೇರಿ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಲೈಬ್ರರಿಯಲ್ಲಿ ಕೂತು ಓದತೊಡಗಿದರು. ಹಳೇ ಪ್ರಶ್ನೆಪತ್ರಿಕೆ ಬಿಡಿಸಿ ಒಬ್ಬರಿಗೊಬ್ಬರು ಹೇಳಿಕೊಡುವುದು. ಕಾಲೇಜಿನಲ್ಲಿ ಕಂಬೈಂಡ್ ಸ್ಟಡಿ ಮಾಡಿ ಪಾಸಾದ ಹುಡುಗಿ ಪರದೇಶದಲ್ಲಿ ಒಬ್ಬಳೇ ರೂಮಿನಲ್ಲಿ ಕೂತು ಓದಲು ಹೋಗಿದ್ದಳು. ತನಗೆ ಒಗ್ಗುವ ಕ್ರಮವನ್ನೇ ವಿಮಾನ ಹತ್ತುವಾಗ ಬಿಟ್ಟು ಬಂದಿದ್ದಳು.

ಮನೆಗೆ ಹೇಳಿದ ದಿನ

ಇಷ್ಟೆಲ್ಲ ಆದರೂ ಮನೆಯಲ್ಲಿ ಗೊತ್ತಿರಲಿಲ್ಲ. ಹೇಳದಿದ್ದರೆ ಪ್ರತಿ ಫೋನಿಗೂ ಅವಳು ನಾಟಕ ಆಡಬೇಕಿತ್ತು. ಅದಕ್ಕೂ ಶಕ್ತಿ ಬೇಕು.

ಭಾನುವಾರ ಬೆಳಿಗ್ಗೆ ವಿಡಿಯೋ ಕಾಲ್ ಮಾಡಿದಳು. ಅಳದೆ ಹೇಳಬೇಕು ಅಂತ ವಿಷಯಗಳನ್ನು ಚೀಟಿಯಲ್ಲಿ ಬರೆದುಕೊಂಡಿದ್ದಳು. ಒಂದು ವಿಷಯ ಫೇಲ್, ಮೂರು ಬರೆದಿಲ್ಲ, ಓದು ಎರಡು ಸೆಮಿಸ್ಟರ್ ಜಾಸ್ತಿ ಆಗುತ್ತದೆ, ಎರಡನೇ ವರ್ಷಕ್ಕೆ ಸ್ವಲ್ಪ ದುಡ್ಡು ಬೇಕು.

ಅಮ್ಮನ ಮೊದಲ ಮಾತು, "ಯಾರಾದ್ರೂ ಕೇಳಿದ್ರೆ ಏನ್ ಹೇಳ್ಲಿ?" ಅದು ಚುಚ್ಚಿತು. ಅಪ್ಪ ಏನೂ ಮಾತಾಡಲಿಲ್ಲ. ಫೋನ್ ಇಡುವ ಮುಂಚೆ ಇಷ್ಟೇ ಕೇಳಿದರು, "ರಾತ್ರಿ ಹೊತ್ತು ಒಬ್ಳೇ ಓಡಾಡ್ತಿದ್ಯಾ?" ಅವಳಿಗೆ ಆ ದಿನವೆಲ್ಲ ತಪ್ಪು ಮಾಡಿದೆ ಅನಿಸಿತು.

ಮಂಗಳವಾರ ಅಪ್ಪನೇ ಫೋನ್ ಮಾಡಿದರು. ಬ್ಯಾಂಕಿಗೆ ಹೋಗಿ ಬಂದಿದ್ದರು. ಕೋರ್ಸ್ ತಡವಾದರೆ ವಿಶ್ವವಿದ್ಯಾಲಯದ ಪತ್ರ ಕೊಟ್ಟು ಕಂತು ಶುರುವಾಗುವ ದಿನವನ್ನು ಮುಂದಕ್ಕೆ ಹಾಕಿಸಬಹುದು, ಆದರೆ ಆ ಅವಧಿಗೂ ಬಡ್ಡಿ ಸೇರುತ್ತಾ ಹೋಗುತ್ತದೆ ಅಂತ ಮ್ಯಾನೇಜರ್ ಹೇಳಿದ್ದರು. ಅಪ್ಪ ಬಡ್ಡಿ ಎಷ್ಟಾಗುತ್ತದೆ ಅಂತ ಬರೆಸಿಕೊಂಡೂ ಬಂದಿದ್ದರು. "ಈ ಬಡ್ಡಿ ನಾನು ತಿಂಗಳು ತಿಂಗಳು ಕಟ್ಕೋತೀನಿ. ಆ ಗೋದಾಮಿಗೆ ಮಾತ್ರ ಹೋಗ್ಬೇಡ." ಹಣದ ಚಿಂತೆಯನ್ನು ಅಪ್ಪನಿಂದ ಮುಚ್ಚಿಟ್ಟು ಅವಳು ನಾಲ್ಕು ತಿಂಗಳು ನಿದ್ದೆಗೆಟ್ಟಿದ್ದಳು. ಅಪ್ಪ ಎರಡು ದಿನದಲ್ಲಿ ಅದಕ್ಕೊಂದು ಲೆಕ್ಕ ಹಾಕಿದ್ದರು. ಎಲ್ಲ ಮನೆಯಲ್ಲೂ ಹೀಗಾಗುವುದಿಲ್ಲ, ಬಲ್ಲೆ. ಕೆಲವು ಅಪ್ಪಂದಿರ ಬಳಿ ಕಟ್ಟಲು ಏನೂ ಇರುವುದಿಲ್ಲ. ಅಂಥ ಕಡೆ ಓದಿನ ಹೊರೆಯನ್ನು ಇನ್ನೂ ತೆಳ್ಳಗೆ ಹರಡಬೇಕಾಗುತ್ತದೆ.

ಅಮ್ಮ ಆಮೇಲೆ ಫೋನ್ ಸಮಯ ಬದಲಾಯಿಸಿದರು. ಅರಸೀಕೆರೆಯಲ್ಲಿ ಸಂಜೆ ದೀಪ ಹಚ್ಚುವ ಹೊತ್ತು, ಅಲ್ಲಿ ಮಧ್ಯಾಹ್ನ. ಓದು ಎಲ್ಲಿಗೆ ಬಂತು ಅಂತ ಕೇಳಬಾರದು ಅಂತ ಅವಳೇ ಕೇಳಿಕೊಂಡಿದ್ದಳು. ಅಮ್ಮ ಆಗಾಗ ಮರೆತು ಕೇಳುತ್ತಾರೆ.

ಮುಂದೆ ಆದದ್ದು

2024ರ ಬೇಸಿಗೆಯ ಮೂರು ಪರೀಕ್ಷೆಯೂ ಪಾಸಾಯಿತು. ಆಗಸ್ಟ್‌ನಲ್ಲಿ ಎರಡು ವಾರ ಪುಸ್ತಕ ಮುಟ್ಟಲಿಲ್ಲ. ಈ ಸಲ ವಿಶ್ರಾಂತಿ ಮೈಗೆ ಹತ್ತಿತು, ಯಾಕಂದರೆ ಬೆನ್ನ ಹಿಂದೆ ಏಳು ಪರೀಕ್ಷೆಯ ತಾರೀಖು ಕಾಯುತ್ತಿರಲಿಲ್ಲ. ಉಳಿದವು ಯಾವ ಸೆಮಿಸ್ಟರ್‌ಗೆ ಅಂತ ಆಗಲೇ ಬರೆದಾಗಿತ್ತು.

ಚಳಿಗಾಲದಲ್ಲಿ ಐದು ಬರೆದಳು, ನಾಲ್ಕು ಪಾಸು. ಕಂಟಿನ್ಯುಯಮ್ ಮೆಕ್ಯಾನಿಕ್ಸ್ 3.7ರಲ್ಲಿ ಪಾಸಾಯಿತು. ಜರ್ಮನಿಯಲ್ಲಿ 1.0 ಎಲ್ಲಕ್ಕಿಂತ ಒಳ್ಳೆಯ ದರ್ಜೆ, 4.0 ಪಾಸಿನ ಕೊನೆಯ ಅಂಚು. ಫಸ್ಟ್ ಕ್ಲಾಸ್ ಹುಡುಗಿಗೆ 3.7 ನುಂಗಲು ಕಷ್ಟವಾಯಿತು. ಫೇಲಾದದ್ದು ಬೇರೊಂದು ವಿಷಯ. ಆ ರಾತ್ರಿ ಮತ್ತೆ ಹಳೇ ಭಯ ಬಂತು, ಎರಡು ದಿನ ಮೇಲ್ ತೆರೆಯಲಿಲ್ಲ. ಮೂರನೇ ದಿನ ವಿಜಯಪುರದ ಗೆಳತಿಯೇ ಬಾಗಿಲು ತಟ್ಟಿ ಲ್ಯಾಪ್‌ಟಾಪ್ ತೆಗೆಸಿದಳು. ಫೇಲಾದ ಆ ವಿಷಯವನ್ನು ಬೇಸಿಗೆಯ ನಾಲ್ಕರ ಜೊತೆ ಸೇರಿಸಿ ಐದು ಮಾಡಿದರು. ಐದೂ ಪಾಸಾಯಿತು.

2025ರ ಬೇಸಿಗೆ ಮುಗಿದಾಗ 18 ವಿಷಯದಲ್ಲಿ 14 ಮುಗಿದಿದ್ದವು. ಉಳಿದ ನಾಲ್ಕನ್ನು ಮುಂದಿನ ಚಳಿಗಾಲಕ್ಕೆ, ಥೀಸಿಸ್ ಅನ್ನು 2026ರ ಬೇಸಿಗೆಗೆ ಇಟ್ಟುಕೊಂಡಳು. ಒಟ್ಟು ಆರು ಸೆಮಿಸ್ಟರ್. ನಿವಾಸ ಪರವಾನಗಿ ನವೀಕರಿಸುವಾಗ ವಿದೇಶಿಯರ ಕಚೇರಿಯವರು ಓದು ಯಾಕೆ ತಡ ಅಂತ ಕೇಳಿದರು. ಸ್ಟಡಿ ಅಡ್ವೈಸರ್ ಬರೆದುಕೊಟ್ಟ ಪತ್ರ, ಪಾಸಾದ ವಿಷಯಗಳ ಪಟ್ಟಿ, ಹಿವಿ ಕೆಲಸದ ಒಪ್ಪಂದ, ಅಪ್ಪ ಕಳಿಸಿದ ಹಣದ ದಾಖಲೆ ಕೊಟ್ಟಳು. ಪರವಾನಗಿ ಸಿಕ್ಕಿತು. ಲ್ಯಾಬಿನಲ್ಲಿ ಅವಳ ಮೇಲಿರುವವರು ಥೀಸಿಸ್‌ಗೆ ಅಲ್ಲೇ ಒಂದು ವಿಷಯ ಕೊಡುವ ಮಾತಾಡಿದ್ದಾರೆ.